'ಚಾರ್ಜ್' ಒಂದು, ಅರ್ಥ ಹತ್ತಾರು: ಬಾಯಿಪಾಠ ಮಾಡದೆ ಕಲಿಯುವ ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್‌ನಲ್ಲಿ ಕಷ್ಟ ಕೊಡುವುದು ದೊಡ್ಡ ದೊಡ್ಡ ಪದಗಳು ಅಂತ ತುಂಬಾ ಜನ ತಿಳಿದಿದ್ದಾರೆ. ದೊಡ್ಡ ಪದಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ. ಒಮ್ಮೆ ನಿಘಂಟು ನೋಡಿದರೆ ಕೆಲಸ ಮುಗಿಯಿತು. ಜೀವ ತಿನ್ನುವುದು ಸಣ್ಣ ಪದಗಳು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ 'ಸೆಟ್' ಎಂಬ ಮೂರಕ್ಷರದ ಕ್ರಿಯಾಪದಕ್ಕೆ 430 ಅರ್ಥ ಕೊಟ್ಟಿದ್ದಾರೆ. ಅಷ್ಟನ್ನು ಬಾಯಿಪಾಠ ಮಾಡಲು ಯಾರಿಂದಲೂ ಆಗುವುದಿಲ್ಲ. ಇಂಗ್ಲಿಷ್ ಮಾತಾಡಿಕೊಂಡೇ ಬೆಳೆದವರೂ ಹಾಗೆ ಕಲಿತಿಲ್ಲ.

ವಿಜಯಪುರದ ಸುತ್ತಮುತ್ತ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದ ಮಕ್ಕಳಿಗೆ, ಪಿಎಸ್‌ಐ, ಪಿಡಿಒ, ಬ್ಯಾಂಕ್ ಪರೀಕ್ಷೆಗೆ ತಯಾರಾಗುವವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಬಹಳ ಅರ್ಥಗಳಿರುವ ಪದವನ್ನು ಹೇಗೆ ಹಿಡಿಯಬೇಕು ಎಂದು ತೋರಿಸಲು ಯಾವಾಗಲೂ 'ಚಾರ್ಜ್' ಪದವನ್ನೇ ಆರಿಸಿಕೊಳ್ಳುತ್ತೇನೆ. ಕಾರಣ ಇಷ್ಟೇ: ಇದರ ಮುಕ್ಕಾಲು ಪಾಲು ಅರ್ಥ ನಮ್ಮ ಜನಕ್ಕೆ ಆಗಲೇ ಗೊತ್ತಿದೆ. ಗೊತ್ತಿದೆ ಅನ್ನುವುದು ಮಾತ್ರ ಅವರಿಗೆ ಗೊತ್ತಿಲ್ಲ.

ಹೆಜ್ಜೆ 1: ನಿಘಂಟು ಮುಚ್ಚಿಡಿ, ಬಾಯಲ್ಲಿರುವುದನ್ನು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಆಫೀಸಿನಲ್ಲಿ 'ಚಾರ್ಜ್' ಅನ್ನುವ ಮಾತು ಎಲ್ಲೆಲ್ಲಿ ಕಿವಿಗೆ ಬೀಳುತ್ತದೆ, ಅಷ್ಟನ್ನೂ ಬರೆಯಿರಿ. ಪದ ಒಂದನ್ನೇ ಬರೆಯಬೇಡಿ, ಜನ ಆಡುವ ಇಡೀ ವಾಕ್ಯ ಬರೆಯಿರಿ. ನಮ್ಮ ಕಡೆ ಈ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ:

"ಮೊಬೈಲ್‌ದಾಗ ಚಾರ್ಜ್ ಇಲ್ಲ."
"ಬಸ್ ಚಾರ್ಜ್ ಏರೇತಿ."
"ಬ್ಯಾಂಕಿನವ್ರು ಎಸ್ಸೆಮ್ಮೆಸ್ ಚಾರ್ಜ್ ಅಂತ ರೊಕ್ಕಾ ಕಟ್ ಮಾಡ್ಯಾರ."
"ಹೊಸ ಪಿಎಸ್‌ಐ ಬಂದು ಚಾರ್ಜ್ ತಗೊಂಡ್ರು."
"ಅವ್ರು ಇನ್‌ಚಾರ್ಜ್ ಹೆಡ್‌ಮಾಸ್ತರ್ರು."
"ಕೋರ್ಟಿಗೆ ಚಾರ್ಜ್‌ಶೀಟ್ ಹಾಕ್ಯಾರ."
"ಲಾಠಿ ಚಾರ್ಜ್ ಆತು."
"ಅಜ್ಜನ್ನ ದವಾಖಾನಿಯಿಂದ ಡಿಸ್ಚಾರ್ಜ್ ಮಾಡಿದ್ರು."

ವಿದ್ಯುತ್ತು, ಹಣ, ಅಧಿಕಾರ, ಅಪರಾಧ, ಹೊಡೆತ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇದರಲ್ಲಿ ಒಂದನ್ನು ಇನ್ನೊಂದರ ಜೊತೆ ಗೊಂದಲ ಮಾಡಿಕೊಳ್ಳುವುದಿಲ್ಲ. ಅಕ್ಕಪಕ್ಕದ ಪದ ನೋಡಿ ಅರ್ಥ ಹಿಡಿಯುವ ಶಕ್ತಿ ಎಲ್ಲರಲ್ಲೂ ಇದೆ. ಪರೀಕ್ಷೆಯ ಪೇಪರ್ ಮುಂದೆ ಕೂತಾಗ ಅದನ್ನು ಬಳಸಲು ಭಯ, ಅಷ್ಟೇ. ಈ ಪಟ್ಟಿ ಮೊದಲು ಆ ಭಯವನ್ನು ತೆಗೆಯುತ್ತದೆ. ಅದಕ್ಕೇ ಇದನ್ನು ಬಿಟ್ಟು ಮುಂದಿನ ಹೆಜ್ಜೆಗೆ ಹೋಗಬೇಡಿ.

ಹೆಜ್ಜೆ 2: ಪದದ ಬೇರು ಹುಡುಕಿ

ಒಂದೇ ಪದಕ್ಕೆ ಹತ್ತು ಅರ್ಥ ಇದ್ದರೆ ಅವು ಬಹುಪಾಲು ಒಂದೇ ಬೇರಿನಿಂದ ಚಿಗುರಿದವು. ಲ್ಯಾಟಿನ್‌ನಲ್ಲಿ 'ಕಾರ್ರುಸ್' ಅಂದರೆ ಗಾಲಿಗಳಿರುವ ಬಂಡಿ. ಅದರಿಂದ 'ಕಾರ್ರಿಕಾರೆ', ಅಂದರೆ ಬಂಡಿಗೆ ಹೇರು. ಅದು ಹಳೆಯ ಫ್ರೆಂಚಿನಲ್ಲಿ 'ಶಾರ್ಜೆ'ಯಂಥ ರೂಪಕ್ಕೆ ತಿರುಗಿ, ಇಂಗ್ಲಿಷಿಗೆ ಬಂದು 'ಚಾರ್ಜ್' ಆಯಿತು. ಕಾರ್, ಕ್ಯಾರಿ, ಕಾರ್ಗೋ ಎಲ್ಲವೂ ಇದೇ ಮನೆತನದವು. ವ್ಯಂಗ್ಯಚಿತ್ರಕ್ಕೆ ಹೇಳುವ 'ಕ್ಯಾರಿಕೇಚರ್' ಕೂಡ ಇದರ ಬಳಗವೇ: ಮೂಗು, ಮೀಸೆಯ ಮೇಲೆ ಇರುವುದಕ್ಕಿಂತ ಜಾಸ್ತಿ ಹೇರಿ ಬರೆದ ಚಿತ್ರ.

ಅಂದರೆ 'ಚಾರ್ಜ್'ನ ಮೂಲ ಅರ್ಥ ಹೇರುವುದು. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಮೇಲೆ ಗೋಪುರದಂತೆ ಕಬ್ಬು ಹೇರಿಕೊಂಡು ಹೋಗುತ್ತಾರಲ್ಲ, ಆ ದೃಶ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಉಳಿದ ಅರ್ಥಗಳೆಲ್ಲ ಅದರಿಂದಲೇ ಹೊರಡುತ್ತವೆ.

ನಮ್ಮ ಭಾಷೆಯೂ ಇದೇ ದಾರಿಯಲ್ಲಿ ನಡೆದಿದೆ. ತೆರಿಗೆ ಹೇರುತ್ತಾರೆ, ದಂಡ ಹೇರುತ್ತಾರೆ, ಆರೋಪ ಹೊರಿಸುತ್ತಾರೆ, ಹೊಣೆ ಹೊರಿಸುತ್ತಾರೆ. ತಾತ್ಕಾಲಿಕವಾಗಿ ಹುದ್ದೆ ನೋಡಿಕೊಳ್ಳುವುದಕ್ಕೆ ಸರಕಾರಿ ಕಾಗದದಲ್ಲಿ 'ಪ್ರಭಾರ' ಎನ್ನುತ್ತಾರೆ. ಅದರೊಳಗೂ 'ಭಾರ' ಕೂತಿದೆ. ಹೀಗಾಗಿ ಕನ್ನಡ ಬಲ್ಲವರಿಗೆ ಈ ಪದ ಪರಕೀಯ ಅಲ್ಲವೇ ಅಲ್ಲ.

ಹೆಜ್ಜೆ 3: ಪ್ರತಿ ಅರ್ಥಕ್ಕೂ 'ಏನು ಹೇರಿದರು, ಯಾರ ಮೇಲೆ' ಎಂದು ಕೇಳಿ

ಇದೇ ಮುಖ್ಯ ಹೆಜ್ಜೆ. ಇಲ್ಲಿ ಆತುರ ಬೇಡ.

ಹಣ: ಗಿರಾಕಿಯ ಮೇಲೆ ಹಣದ ಭಾರ ಹೇರಿದರೆ ಅದು ಶುಲ್ಕ. ಹೆಸ್ಕಾಂ ಕರೆಂಟ್ ಬಿಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಫಿಕ್ಸೆಡ್ ಚಾರ್ಜ್ ಒಂದು ಕಡೆ, ಬಳಸಿದ ಯೂನಿಟ್ಟಿನ ಚಾರ್ಜ್ ಇನ್ನೊಂದು ಕಡೆ. ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದರ ಮೇಲೆ ಫಿಕ್ಸೆಡ್ ಚಾರ್ಜ್ ಲೆಕ್ಕ ಹಾಕುತ್ತಾರೆ. ಎರಡು ಬಗೆಯ ಭಾರ ಒಂದೇ ಬಿಲ್ಲಿನಲ್ಲಿ ಸಿಗುತ್ತವೆ. ಭಾರ ಇಲ್ಲದಿದ್ದರೆ 'ಫ್ರೀ ಆಫ್ ಚಾರ್ಜ್', ಅಂದರೆ ಪುಕ್ಕಟೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರಕಾರಿ ಬಸ್ಸಿನಲ್ಲಿ ಓಡಾಡುತ್ತಿರುವುದು 'ಫ್ರೀ ಆಫ್ ಚಾರ್ಜ್'.

ಹೊಣೆ: ಒಬ್ಬರ ಹೆಗಲಿಗೆ ಜವಾಬ್ದಾರಿ ಹೇರಿದರೆ ಅವರು 'ಇನ್‌ಚಾರ್ಜ್'. ಜಿಲ್ಲಾ ಉಸ್ತುವಾರಿ ಸಚಿವರು ಅಂದರೆ ಜಿಲ್ಲೆಯ ಹೊಣೆ ಹೊತ್ತವರು. ವರ್ಗಾವಣೆ ಆದಾಗ 'ಚಾರ್ಜ್ ಕೊಟ್ಟು ಬಂದೆ' ಅನ್ನುತ್ತಾರಲ್ಲ, ಹೊತ್ತಿದ್ದನ್ನು ಇಳಿಸಿ ಇನ್ನೊಬ್ಬರಿಗೆ ಕೊಟ್ಟರು ಅಂತ.

ಆರೋಪ: ತಪ್ಪಿನ ಭಾರ ಹೇರಿದರೆ ಅದು ದೋಷಾರೋಪ. ಪೇಪರ್ ಓದುವವರು ಒಂದು ವ್ಯತ್ಯಾಸ ಗಮನಿಸಬೇಕು. ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವುದು ಚಾರ್ಜ್‌ಶೀಟ್. ಆಮೇಲೆ ನ್ಯಾಯಾಧೀಶರು ಅದನ್ನೆಲ್ಲ ನೋಡಿ, ಇಂಥಿಂಥ ಅಪರಾಧಕ್ಕೆ ವಿಚಾರಣೆ ಆಗಬೇಕು ಎಂದು ನಿಗದಿ ಮಾಡುವುದು 'ಚಾರ್ಜ್ ಫ್ರೇಮ್' ಮಾಡುವುದು. ಎರಡೂ ಬೇರೆ. ಎರಡೂ ಶಿಕ್ಷೆಯಲ್ಲ. 'ಚಾರ್ಜ್‌ಶೀಟ್ ಆಗೇತಿ, ಅಂದ್ರ ಅಂವ ಕಳ್ಳನ ಮತ್ತ' ಎಂದು ಕಟ್ಟೆ ಮೇಲೆ ತೀರ್ಮಾನ ಕೊಡುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಹೊರಿಸಿದ ಭಾರ ನಿಜವೋ ಸುಳ್ಳೋ ಅನ್ನುವುದು ವಿಚಾರಣೆಯಲ್ಲಿ ಗೊತ್ತಾಗಬೇಕು.

ಹೊಲ: ಈ ಅರ್ಥ ಪಠ್ಯಪುಸ್ತಕದಲ್ಲಿ ಕಾಣುವುದಿಲ್ಲ, ಆದರೆ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಬೆಳೆಸಾಲ ತೆಗೆದಾಗ ಹೊಲದ ಮೇಲೆ ಬ್ಯಾಂಕಿನ 'ಚಾರ್ಜ್' ಕೂರುತ್ತದೆ, ಪಹಣಿಯ ಋಣದ ಕಾಲಂನಲ್ಲಿ ಸಾಲದ ಮೊತ್ತ ದಾಖಲಾಗುತ್ತದೆ. ನಮ್ಮ ಕಡೆ ಪಹಣಿಗೆ ಉತಾರ ಅನ್ನುತ್ತಾರೆ, ಈ ಚಾರ್ಜಿಗೆ ಬೋಜಾ ಅನ್ನುತ್ತಾರೆ.

"ಕಾಕಾ, ಸಾಲಾ ಮುಟ್ಟಿಸಿದ್ರೆಲ್ಲ, ಉತಾರದಾಗಿನ ಬೋಜಾ ಇಳಿಸ್ಯಾರೇನ್ರಿ?"
"ಇಲ್ಲೋ ತಮ್ಮಾ. ಬ್ಯಾಂಕಿನ ಕಾಗದ ಕೈಯಾಗ ಬಂದೇತಿ, ತಹಶೀಲ್ದಾರ್ ಆಫೀಸಿಗೆ ಇನ್ನ ಹೋಗಬೇಕ."

ಬೋಜಾ ಅಂದರೂ ಹೊರೆಯೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಂನಲ್ಲಿ 'ಚಾರ್ಜ್' ಅಂದರೆ ಏನು ಎಂದು ವಿವರಿಸಿದ್ದಾರೆ. ಒಬ್ಬರ ಸ್ಥಿರಾಸ್ತಿಯನ್ನು ಇನ್ನೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆ ಮಾಡಿ, ಅದು ಅಡಮಾನ ಆಗದೇ ಇದ್ದರೆ ಅದು ಚಾರ್ಜ್. ಕಾನೂನು ಓದುವ ಮಕ್ಕಳು ತಿಂಗಳುಗಟ್ಟಲೆ ತಿಣುಕುವ ಈ ಮಾತಿನ ತಿರುಳು ಆ ಕಾಕಾನ ಒಂದು ಪದದಲ್ಲಿದೆ.

ಮದ್ದು: ಈಗ ವಿಜಯಪುರಕ್ಕೇ ಬನ್ನಿ. ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಕಡೆ ಹೋಗಿ ನಿಂತು ನೋಡಿ. ಸಿಂಹದಂಥ ಮುಖ ಬಾಯಿ ತೆರೆದಿದೆ, ದವಡೆಯಲ್ಲಿ ಆನೆ ಸಿಕ್ಕಿಬಿದ್ದಿದೆ. ಒಳಗೆ ಇಣುಕಿದರೆ ಕತ್ತಲು. ಬಿಸಿಲಲ್ಲೂ ಲೋಹ ತಣ್ಣಗಿರುತ್ತದೆ ಅಂತ ಊರವರು ಹೇಳುತ್ತಾರೆ, ಮುಟ್ಟಿ ನೀವೇ ನೋಡಿಕೊಳ್ಳಿ. ಈ ತೋಪು ಹಾರಬೇಕಾದರೆ ಮೊದಲು ಹೊಟ್ಟೆಯೊಳಗೆ ಮದ್ದು ತುಂಬಬೇಕು, ಆಮೇಲೆ ಗುಂಡು. ಒಂದು ಸಲಕ್ಕೆ ತುಂಬುವ ಆ ಮದ್ದಿನ ಅಳತೆಗೂ ಇಂಗ್ಲಿಷಿನಲ್ಲಿ 'ಚಾರ್ಜ್' ಎಂದೇ ಹೆಸರು. ಬಂಡಿಗೆ ಹೇರಿದಂತೆ ತೋಪಿಗೆ ಹೇರುವುದು. ಕಲ್ಲಿನ ಕ್ವಾರಿಯಲ್ಲಿ ತೂತು ಕೊರೆದು ತುಂಬುವ ಸ್ಫೋಟಕವೂ 'ಚಾರ್ಜ್'.

ವಿದ್ಯುತ್ತು: ಸಾಲಾಗಿ ನಿಲ್ಲಿಸಿದ ತೋಪುಗಳ ಗುಂಪಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಗೊತ್ತಾ? ಬ್ಯಾಟರಿ! 18ನೇ ಶತಮಾನದ ನಡುಭಾಗದಲ್ಲಿ ವಿದ್ಯುತ್ತನ್ನು ಕೂಡಿಡಲು ಲೇಡನ್ ಜಾಡಿ ಎಂಬ ಗಾಜಿನ ಜಾಡಿ ಬಳಸುತ್ತಿದ್ದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅಂಥ ಜಾಡಿಗಳನ್ನು ಒಟ್ಟಿಗೆ ಜೋಡಿಸಿ ಅದಕ್ಕೆ ಬ್ಯಾಟರಿ ಎಂದು ಹೆಸರಿಟ್ಟ. ಜಾಡಿಗೆ ವಿದ್ಯುತ್ ತುಂಬುವುದು ಚಾರ್ಜ್, ಒಮ್ಮೆಲೇ ಕಿಡಿ ಹಾರಿಸಿ ಖಾಲಿ ಮಾಡುವುದು ಡಿಸ್ಚಾರ್ಜ್. ತೋಪಿನ ಭಾಷೆಯೇ ಜಾಡಿಗೆ ಬಂತು, ಜಾಡಿಯಿಂದ ನಮ್ಮ ಜೇಬಿನ ಫೋನಿಗೆ ಬಂತು. ಮಲಿಕ್-ಎ-ಮೈದಾನ್ ಮುಂದೆ ನಿಂತು ಸೆಲ್ಫಿ ತೆಗೆಯುವಾಗ ಫೋನು 'ಲೋ ಬ್ಯಾಟರಿ' ಅಂದರೆ, ಆ ಎರಡು ವಸ್ತುಗಳ ನಡುವೆ ಪದದ ಇಷ್ಟು ಹತ್ತಿರದ ನಂಟಿದೆ.

ವಿಜ್ಞಾನದ ಮಕ್ಕಳಿಗೆ ಒಂದು ಮಾತು. ಭೌತಶಾಸ್ತ್ರದ 'ವಿದ್ಯುದಾವೇಶ' ಬೇರೆ, ಫೋನಿನ ಚಾರ್ಜ್ ಬೇರೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಫೋನಿನ ಡಬ್ಬದ ಮೇಲೆ 5000 ಎಂಎಎಚ್ ಎಂದು ಬರೆದಿರುತ್ತದೆ, ಅಂದರೆ ಮಿಲಿಆಂಪಿಯರ್-ಗಂಟೆ. ಅದು 5 ಆಂಪಿಯರ್-ಗಂಟೆ. ಗಂಟೆಗೆ 3600 ಸೆಕೆಂಡು. 5 ಅನ್ನು 3600ರಿಂದ ಗುಣಿಸಿದರೆ 18,000 ಕೂಲಂಬ್. ಕೂಲಂಬ್ ಅಂದರೆ ನಿಮ್ಮ ಪುಸ್ತಕದಲ್ಲಿರುವ ವಿದ್ಯುದಾವೇಶದ ಅಳತೆಯೇ. ಎರಡೂ ಒಂದೇ ವಸ್ತು. ಒಣ ಕೂದಲು ಬಾಚಿದ ಹಣಿಗೆ ಕಾಗದದ ಚೂರು ಎಳೆಯುವುದೂ ಅದೇ ಚಾರ್ಜಿನಿಂದ.

ಹೆಜ್ಜೆ 4: ಹಿಂದೆ ಮುಂದೆ ಬರುವ ಪುಟ್ಟ ಪದ ನೋಡಿ

ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ. 'ಚಾರ್ಜ್ಡ್ ಫಾರ್' ಅಂದರೆ ಯಾವುದೋ ವಸ್ತುವಿಗೆ, ಸೇವೆಗೆ ಹಣ ತಗೊಂಡರು. 'ಚಾರ್ಜ್ಡ್ ವಿತ್' ಅಂದರೆ ಆರೋಪ ಹೊರಿಸಿದರು. 'ಹಿ ವಾಸ್ ಚಾರ್ಜ್ಡ್ ಫಾರ್ ದಿ ಮೀಲ್' ಎಂದರೆ ಊಟದ ದುಡ್ಡು ತಗೊಂಡರು. 'ಹಿ ವಾಸ್ ಚಾರ್ಜ್ಡ್ ವಿತ್ ಥೆಫ್ಟ್' ಎಂದರೆ ಕಳ್ಳತನದ ಆರೋಪ. ಕಳ್ಳತನದ ಜೊತೆ 'ಫಾರ್' ಬರೆದರೆ ತಪ್ಪು.

ಇನ್ನೊಂದು ಜೋಡಿ ಇದಕ್ಕಿಂತ ಸೂಕ್ಷ್ಮ. 'ಇನ್ ಚಾರ್ಜ್ ಆಫ್' ಮತ್ತು 'ಇನ್ ದಿ ಚಾರ್ಜ್ ಆಫ್'. 'ದಿ ನರ್ಸ್ ಈಸ್ ಇನ್ ಚಾರ್ಜ್ ಆಫ್ ದಿ ಬೇಬಿ' ಅಂದರೆ ನರ್ಸ್ ಮಗುವನ್ನು ನೋಡಿಕೊಳ್ಳುತ್ತಾರೆ. 'ದಿ ಬೇಬಿ ಈಸ್ ಇನ್ ದಿ ಚಾರ್ಜ್ ಆಫ್ ದಿ ನರ್ಸ್' ಅಂದರೂ ಅದೇ, ಆದರೆ ಈಗ ವಾಕ್ಯ ಮಗುವಿನಿಂದ ಶುರುವಾಗಿದೆ. ನಡುವೆ 'ದಿ' ಬಂದರೆ ಮೊದಲು ಹೇಳಿದವರು ಇನ್ನೊಬ್ಬರ ಆಸರೆಯಲ್ಲಿದ್ದಾರೆ ಎಂದು ಓದಿಕೊಳ್ಳಿ. 'ದಿ' ಮರೆತರೆ ಮಗುವೇ ನರ್ಸನ್ನು ನೋಡಿಕೊಂಡಂತಾಗುತ್ತದೆ. ಹೀಗೆ ಆಸರೆಯಲ್ಲಿರುವ ಮಗುವನ್ನೇ 'ಹರ್ ಚಾರ್ಜ್' ಎಂದು ಬರೆಯುವುದೂ ಇಂಗ್ಲಿಷಿನಲ್ಲಿ ರೂಢಿ.

'ಚಾರ್ಜ್ ಅಟ್' ಬಂದರೆ ಯಾರೋ ಯಾರ ಮೇಲೋ ನುಗ್ಗುತ್ತಿದ್ದಾರೆ. ಅದಕ್ಕೆ ಬೇರೆ ಹೆಜ್ಜೆಯೇ ಬೇಕು.

ಹೆಜ್ಜೆ 5: ಬೇರಿಗೆ ಸುಲಭವಾಗಿ ಹೊಂದದ ಅರ್ಥವನ್ನು ಬೇರೆ ಇಡಿ

ಕಾರಹುಣ್ಣಿಮೆಯ ಕರಿ ಹರಿಯುವಾಗ ಎತ್ತು ಬೆದರಿ ಜನರ ಕಡೆ ತಿರುಗಿದರೆ 'ಹಾಯಾಕ ಬಂತು' ಅನ್ನುತ್ತೇವೆ. ಇಂಗ್ಲಿಷಿನಲ್ಲಿ 'ದಿ ಬುಲ್ ಚಾರ್ಜ್ಡ್ ಅಟ್ ದಿ ಕ್ರೌಡ್'. ಇದರಲ್ಲಿ ಹೇರಿದ್ದು ಏನು? ಈಟಿಯಂಥ ಆಯುಧವನ್ನು ಸಜ್ಜು ಮಾಡಿ ಮುಂದಕ್ಕೆ ಚಾಚಿ ಹಿಡಿಯುವುದಕ್ಕೂ ಹಿಂದೆ ಇದೇ ಪದ ಬಳಸುತ್ತಿದ್ದರು. ಹಾಗೆ ಹಿಡಿದು ನುಗ್ಗುವುದಕ್ಕೂ ಅದೇ ಹೆಸರಾಯಿತು. ಕುದುರೆ ಸವಾರರು ಒಟ್ಟಾಗಿ ನುಗ್ಗುವುದು 'ಚಾರ್ಜ್', ಅಂಥ ಯುದ್ಧದ ಕುದುರೆ 'ಚಾರ್ಜರ್'. ಲಾಠಿ ಚಾರ್ಜ್ ಇದರ ಭಾರತೀಯ ಸಂತಾನ.

ಬೇರಿನ ಸಂಬಂಧ ಇಲ್ಲಿ ಬಹಳ ದೂರದ್ದು. ಬಲವಂತವಾಗಿ ಜೋಡಿಸಲು ಹೋಗಬೇಡಿ. ಇಂಥ ಅರ್ಥ ಸಿಕ್ಕಾಗ ಒಂದು ಚಿತ್ರದ ಜೊತೆ ಬೇರೆಯಾಗಿ ನೆನಪಿಡಿ, ಎತ್ತು ಹಾಯುವುದು ಅಂತ.

ಹೆಜ್ಜೆ 6: ಮುಂದೆ ಅಂಟಿಕೊಂಡ ತುಂಡುಗಳನ್ನು ಸೇರಿಸಿ

'ಡಿಸ್' ಸೇರಿದರೆ ಹೇರಿದ್ದು ಇಳಿಯಿತು. ಇಷ್ಟು ತಿಳಿದರೆ ಡಿಸ್ಚಾರ್ಜ್‌ನ ಅರ್ಥಗಳೆಲ್ಲ ಒಟ್ಟಿಗೆ ಕೈಗೆ ಬರುತ್ತವೆ. ಆಸ್ಪತ್ರೆ ರೋಗಿಯನ್ನು ಮನೆಗೆ ಕಳಿಸಿತು. ಬ್ಯಾಟರಿ ಖಾಲಿಯಾಯಿತು. ಬಂದೂಕು ಹಾರಿತು. ಸಾಲ ತೀರಿತು. ಆಲಮಟ್ಟಿ ಜಲಾಶಯದ ಹೊರಹರಿವು ಇಷ್ಟು ಕ್ಯೂಸೆಕ್ ಎಂದು ಮಳೆಗಾಲದ ಪೇಪರಿನಲ್ಲಿ ಬರುತ್ತದಲ್ಲ, ಅದೂ ಡಿಸ್ಚಾರ್ಜ್. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್.

ಕೋರ್ಟಿನಲ್ಲಿ 'ಡಿಸ್ಚಾರ್ಜ್' ಮತ್ತು 'ಅಕ್ವಿಟ್' ಬೇರೆ ಬೇರೆ. ವಿಚಾರಣೆ ನಡೆಸುವಷ್ಟೂ ಆಧಾರ ಇಲ್ಲ ಎಂದು ದೋಷಾರೋಪ ನಿಗದಿಗೆ ಮುಂಚೆಯೇ ಬಿಟ್ಟರೆ ಡಿಸ್ಚಾರ್ಜ್. ವಿಚಾರಣೆ ಪೂರ್ತಿ ನಡೆದು ನಿರಪರಾಧಿ ಎಂದು ತೀರ್ಪು ಬಂದರೆ ಅಕ್ವಿಟ್. ಪಿಎಸ್‌ಐ ಪರೀಕ್ಷೆಯವರು ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಲಿ.

'ರೀ' ಅಂದರೆ ಮತ್ತೆ: ಮೊಬೈಲ್ ರೀಚಾರ್ಜ್, ಮಳೆನೀರು ಇಂಗಿಸಿ ಬೋರ್‌ವೆಲ್ ರೀಚಾರ್ಜ್. 'ಓವರ್' ಅಂದರೆ ಮಿತಿಮೀರಿ, 'ಸರ್' ಅಂದರೆ ಮೇಲೊಂದು: ತೆರಿಗೆಯ ಮೇಲೆ ಇನ್ನೊಂದು ತೆರಿಗೆ ಕೂತರೆ ಸರ್ಚಾರ್ಜ್.

ಹೆಜ್ಜೆ 7: ನಮ್ಮ ಬಳಕೆ ಎಲ್ಲಿ ಇಂಗ್ಲಿಷಿಗಿಂತ ಬೇರೆ, ಗುರುತು ಹಾಕಿ

ಮೊದಲ ಹೆಜ್ಜೆಯ ಹಾಳೆ ಮತ್ತೆ ತೆಗೆಯಿರಿ. 'ಬಸ್ ಚಾರ್ಜ್' ನಮ್ಮಲ್ಲಿ ಸರಿ, ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ 'ಫೇರ್'. ಆಟೋಗೂ ರೈಲಿಗೂ ಅದೇ. ಶಾಲೆಗೆ, ವಕೀಲರಿಗೆ, ಡಾಕ್ಟರಿಗೆ, ಗೋಳಗುಮ್ಮಟದ ಒಳಗೆ ಹೋಗಲು ಕೊಡುವುದು 'ಫೀ'. ಹೆದ್ದಾರಿಯಲ್ಲಿ 'ಟೋಲ್'. ತಪ್ಪಿಗೆ 'ಫೈನ್'. ಸಾಮಾನಿನ ಬೆಲೆ 'ಪ್ರೈಸ್'. ಹೆಸರಿನ ರೂಪದಲ್ಲಿ ಹೀಗೆ ಒಂದೊಂದಕ್ಕೆ ಒಂದೊಂದು ಪದ ಇದ್ದರೂ, ಕ್ರಿಯೆಯಾಗಿ ಬಳಸುವಾಗ ಬಹಳಷ್ಟು ಕಡೆ 'ಚಾರ್ಜ್' ನಡೆಯುತ್ತದೆ. 'ಹೌ ಮಚ್ ಡು ಯು ಚಾರ್ಜ್?' ಎಂದು ಆಟೋದವರನ್ನೂ ವಕೀಲರನ್ನೂ ಟೇಲರನ್ನೂ ಕೇಳಬಹುದು.

'ಚಾರ್ಜ್ ಹಾಕು' ಅನ್ನುವುದನ್ನು ಹಾಗೇ ಇಂಗ್ಲಿಷಿಗೆ ತರಬೇಡಿ. 'ಚಾರ್ಜ್ ದಿ ಫೋನ್' ಸಾಕು.

ಹೆಜ್ಜೆ 8: ಈಗ ನಿಘಂಟು ತೆರೆಯಿರಿ

ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ಹೆಚ್ಚು ಬಳಕೆಯ ಅರ್ಥ ಸಾಮಾನ್ಯವಾಗಿ ಮೊದಲು ಬರುತ್ತದೆ. ಚಾರಿತ್ರಿಕ ನಿಘಂಟಿನಲ್ಲಿ ಹಳೆಯ ಅರ್ಥ ಮೊದಲು. ಯಾವ ನಿಘಂಟು ಕೈಯಲ್ಲಿದೆ ಎಂದು ತಿಳಿಯದೆ 'ಒಂದನೇ ಅರ್ಥ'ವನ್ನೇ ನಂಬಿ ಬರೆದರೆ ಮೋಸ ಹೋಗುತ್ತೀರಿ. ನಾಮಪದವೋ ಕ್ರಿಯಾಪದವೋ ಮೊದಲು ನೋಡಿ. ಆಮೇಲೆ ಉದಾಹರಣೆ ವಾಕ್ಯ. ವಿವರಣೆ ಕೊನೆಗೆ ಓದಿದರೂ ನಡೆಯುತ್ತದೆ. ನಿಮ್ಮ ಹಾಳೆಯಲ್ಲಿ ಇಲ್ಲದ ಅರ್ಥಕ್ಕೆ ಮಾತ್ರ ಗುರುತು ಹಾಕಿ, ಅದಕ್ಕೆ ನಿಮ್ಮ ಊರಿನದೇ ಒಂದು ವಾಕ್ಯ ಕಟ್ಟಿ.

ಹೆಜ್ಜೆ 9: ಇನ್ನೊಂದು ಪದದ ಮೇಲೆ ಪ್ರಯೋಗ ಮಾಡಿ

'ಪಾಸ್' ತೆಗೆದುಕೊಳ್ಳಿ. ಬಸ್ ಪಾಸ್, ಪರೀಕ್ಷೆ ಪಾಸ್, ಸದನದಲ್ಲಿ ಬಿಲ್ ಪಾಸ್, ಬಾಲ್ ಪಾಸ್, ಬೆಟ್ಟದ ನಡುವಿನ ಕಣಿವೆ ದಾರಿ. ಬೇರು ಲ್ಯಾಟಿನ್‌ನ 'ಪಾಸ್ಸುಸ್', ಅಂದರೆ ಹೆಜ್ಜೆ. 'ಏನು ಹಾದುಹೋಯಿತು, ಎಲ್ಲಿಂದ ಎಲ್ಲಿಗೆ' ಎಂದು ಕೇಳುತ್ತ ಹೋಗಿ, ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆಮೇಲೆ 'ಮ್ಯಾಚ್'. ಇಲ್ಲಿ ಎಚ್ಚರ ಬೇಕು. ಕ್ರಿಕೆಟ್ ಮ್ಯಾಚ್, ಸೀರೆಗೆ ಮ್ಯಾಚ್ ಆಗುವ ಕುಪ್ಪಸ, ಇವೆರಡೂ 'ಜೋಡಿ, ಸಮಾನ' ಎಂಬ ಹಳೆಯ ಇಂಗ್ಲಿಷ್ ಪದದಿಂದ ಬಂದವು. ಮ್ಯಾಚ್‌ಬಾಕ್ಸಿನ ಮ್ಯಾಚ್ ಬಂದದ್ದು ಬತ್ತಿ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ. ನೋಡಲು ಒಂದೇ, ಆದರೆ ಎರಡು ಬೇರೆ ಪದಗಳು. ಹೀಗಿದ್ದಾಗ ಬಹಳಷ್ಟು ನಿಘಂಟುಗಳು ಪದದ ತಲೆಯ ಪಕ್ಕ ಸಣ್ಣದಾಗಿ 1, 2 ಎಂದು ಹಾಕಿ ಬೇರೆ ಬೇರೆ ನಮೂದು ಕೊಡುತ್ತವೆ. ಆ ಸಣ್ಣ ಅಂಕಿ ಕಂಡರೆ ಒಂದೇ ಬೇರಿಗೆ ಎಲ್ಲವನ್ನೂ ಕಟ್ಟಬೇಡಿ. ಎರಡು ಹಾಳೆ ತೆಗೆದುಕೊಂಡು, ಎರಡಕ್ಕೂ ಮೊದಲ ಹೆಜ್ಜೆಯಿಂದ ಶುರು ಮಾಡಿ.